ಜೇಬಿನ ಚಾಕುವಿಗೆ ಚರ್ಮದ ಒರೆ: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮ್ಮದು ಸಣ್ಣ ಕಾಫಿ ತೋಟ. ಹೊರದೇಶದಲ್ಲಿರುವ ಭಾವ ಒಂದು ಮಡಚುವ ಚಾಕು ತಂದುಕೊಟ್ಟಿದ್ದಾರೆ. ಒಪಿನೆಲ್ ಕಂಪನಿಯದು, 8ನೇ ನಂಬರು, ಮರದ ಹಿಡಿ, ಕಾರ್ಬನ್ ಸ್ಟೀಲಿನ ಅಲಗು. ಮೆಣಸಿನ ಬಳ್ಳಿ ಕಟ್ಟುವಾಗ ಹಗ್ಗ ಕತ್ತರಿಸಲು ಬಹಳ ಚೆನ್ನಾಗಿದೆ. ಆದರೆ ಜೇಬಿನಲ್ಲಿಟ್ಟರೆ ಬೆವರಿಗೂ ಮಳೆಗೂ ತುಕ್ಕು ಹಿಡಿಯುತ್ತದೆ, ಪ್ಯಾಂಟಿನ ಜೇಬೂ ತೂತಾಗಿದೆ. ಮನೆಯಲ್ಲಿ ಹಳೆಯ ಸೋಫಾದಿಂದ ಕಿತ್ತ ಚರ್ಮವಿದೆ. ಅದರಲ್ಲಿ ಒಂದು ಒರೆ ಹೊಲಿದು, ಮಳೆಗಾಲ ಪೂರ್ತಿ ಚಾಕುವನ್ನು ಅದರೊಳಗೇ ಇಡಬೇಕೆಂದಿದ್ದೇನೆ. ಮನೆಯ ಹೊಲಿಗೆ ಮಿಷನ್ನಿನಲ್ಲಿ ಆದೀತೇ?
– ಓದುಗರೊಬ್ಬರು, ನಾಪೋಕ್ಲು

ಉತ್ತರ: ಸೋಫಾದ ಚರ್ಮ ಬೇಡ. ಮಿಷನ್ನೂ ಬೇಡ. ಮಳೆಗಾಲ ಪೂರ್ತಿ ಒಳಗಿಡುವುದಂತೂ ಬೇಡವೇ ಬೇಡ. ಮೂರಕ್ಕೂ ಬೇಡ ಅಂದೆನೆಂದು ಪುಟ ತಿರುಗಿಸಬೇಡಿ. ಒರೆ ಖಂಡಿತ ಮಾಡಬಹುದು, ಕೈಯಲ್ಲೇ.

ಮೊದಲು ಚರ್ಮದ ವಿಷಯ. ಸೋಫಾ, ಜಾಕೆಟ್ಟುಗಳ ಮೆತ್ತನೆ ಚರ್ಮ ಹೆಚ್ಚಾಗಿ ಕ್ರೋಮಿಯಂ ಲವಣದಲ್ಲಿ ಹದ ಮಾಡಿದ್ದು. ನೆನೆಸಿ ಎಷ್ಟು ಒತ್ತಿದರೂ ಅದು ಚಾಕುವಿನ ಆಕಾರ ಹಿಡಿಯುವುದಿಲ್ಲ. ಅದರಲ್ಲಿ ಉಳಿದಿರುವ ಲವಣಕ್ಕೆ ನಮ್ಮೂರಿನ ತೇವ ಸೇರಿದರೆ ಕಾರ್ಬನ್ ಸ್ಟೀಲಿಗೆ ತುಕ್ಕು ಇನ್ನೂ ಬೇಗ. ನಿಮ್ಮಲ್ಲಿರುವುದರ ಅಂಚನ್ನು ಬ್ಲೇಡಿನಿಂದ ಹೊಸದಾಗಿ ಕತ್ತರಿಸಿ ನೋಡಿ. ನಡುವೆ ನೀಲಿ ಮಿಶ್ರಿತ ಬೂದು ಬಣ್ಣ ಕಂಡರೆ ಕ್ರೋಮ್ ಅಂತಲೇ ಲೆಕ್ಕ. ಬೇಕಾದ್ದು ಮರದ ತೊಗಟೆ, ಕಾಯಿಗಳ ಒಗರಿನಲ್ಲಿ ಹದ ಮಾಡಿದ ಚರ್ಮ. ದಕ್ಷಿಣದಲ್ಲಿ ಇದಕ್ಕೆ ತಂಗಡಿ ತೊಗಟೆ, ಅಳಲೆಕಾಯಿ ಬಳಸುತ್ತಿದ್ದರು. ಚರ್ಮದ ಅಂಗಡಿಯಲ್ಲಿ ‘ವೆಜ್ ಟ್ಯಾನ್’ ಎಂದು ಕೇಳಿ. ದಪ್ಪ 2 ಮಿ.ಮೀ. ಇರಲಿ. 1.5ಕ್ಕಿಂತ ತೆಳುವಾದರೆ ಜೋತುಬೀಳುತ್ತದೆ, 3 ಆದರೆ ಜೇಬಿನಲ್ಲಿ ಹಲಗೆ ಇಟ್ಟುಕೊಂಡಂತೆ. 12 ಸೆಂ.ಮೀ. ಚೌಕದ ತುಂಡು ಸಾಕು. ಅಷ್ಟಕ್ಕೆ ಇಡೀ ಚರ್ಮ ಕೊಳ್ಳಬೇಡಿ, ತುಂಡುಗಳನ್ನು ತೂಕಕ್ಕೆ ಕೊಡುವವರಿದ್ದಾರೆ.

ಅಳತೆಗೆ ಹಳೆಯ ಮದುವೆ ಕಾಗದ ತೆಗೆದುಕೊಳ್ಳಿ, ಅದರ ದಪ್ಪ ಸರಿಯಾಗುತ್ತದೆ. ಮಡಚಿದ ಚಾಕುವಿನ ಸುತ್ತ ಅದನ್ನು ಪುಸ್ತಕದ ರಟ್ಟಿನಂತೆ ಮಡಿಸಿ, ಎರಡು ಅಂಚು ಸೇರುವಲ್ಲಿ ಬೆರಳಿನಿಂದ ಒತ್ತಿ ಗುರುತು ಮಾಡಿ. ಹೊಲಿಗೆ ಬೀಳುವುದು ಆ ಗೆರೆಯ ಮೇಲೆ, ಅದರ ಹೊರಗೆ 4 ಮಿ.ಮೀ. ಬಿಟ್ಟು ಕತ್ತರಿಸಿ. ನಿಮ್ಮ ಚಾಕು ಮಡಚಿದಾಗ 11 ಸೆಂ.ಮೀ. ಉದ್ದ, ಅದರಲ್ಲಿ 2.5 ಸೆಂ.ಮೀ. ಒರೆಯ ಬಾಯಿಂದ ಹೊರಗಿರಬೇಕು. ಪೂರ್ತಿ ಮುಳುಗಿದರೆ ಕೆಸರುಗೈಯಲ್ಲಿ ಎಳೆದು ತೆಗೆಯಲು ಬಾರದು. ಬಾಯಿಯ ಒಂದು ಬದಿಯಲ್ಲಿ ಹೆಬ್ಬೆರಳು ಕೂರುವಷ್ಟು ಅರ್ಧಚಂದ್ರ ಕತ್ತರಿಸಿ. ಮುಚ್ಚಳ, ಗುಂಡಿ ಯಾವುದೂ ಬೇಡ. ಮುಚ್ಚಳ ಹಾಕಿದರೆ ಒಳಗಿನ ತೇವ ಒಳಗೇ ಉಳಿಯುತ್ತದೆ.

ಇನ್ನು ಹೊಲಿಗೆ. ನಾನು ಕಲಿತದ್ದು ಪಲ್ಟನ್ನಿನ ಬೂಟು, ಬೆಲ್ಟು ರಿಪೇರಿ ಮಾಡುವ ಕೋಣೆಯಲ್ಲಿ. ಅಲ್ಲಿನ ಉಸ್ತಾದರು ಮಿಷನ್ ಹೊಲಿಗೆಯ ಬೆಲ್ಟನ್ನು ಮೂಸಿಯೂ ನೋಡುತ್ತಿರಲಿಲ್ಲ. ಕಾರಣವಿದೆ. ಮಿಷನ್ನಿನಲ್ಲಿ ಮೇಲಿನ ನೂಲು, ಕೆಳಗಿನ ನೂಲು ನಡುವೆ ಕೊಂಡಿ ಹಾಕಿಕೊಂಡಿರುತ್ತವೆ, ಒಂದು ಕಡಿದರೆ ಪಕ್ಕದ ಹೊಲಿಗೆಯೂ ಸಡಿಲ. ಕೈ ಹೊಲಿಗೆಯಲ್ಲಿ ಒಂದೇ ನೂಲು, ಅದರ ಎರಡು ತುದಿಗೆ ಎರಡು ಸೂಜಿ. ಪ್ರತಿ ತೂತಿನಲ್ಲೂ ಎರಡೂ ಸೂಜಿ ಎದುರುಬದುರಾಗಿ ಹಾಯುತ್ತವೆ. ಒಂದು ಕಡೆ ನೂಲು ಸವೆದರೂ ಇನ್ನೊಂದು ಹಿಡಿದಿರುತ್ತದೆ. ತೂತುಗಳನ್ನು ಮೊದಲೇ ಗುರುತು ಮಾಡಿಕೊಳ್ಳಿ. ಊಟದ ಫೋರ್ಕನ್ನು ಗೆರೆಯ ಮೇಲೆ ಒತ್ತುತ್ತ ಹೋದರೆ ಸಮ ಅಂತರದ ಚುಕ್ಕೆ ಸಿಗುತ್ತವೆ. ಅಂಚುಗಳಿಗೆ ಚಪ್ಪಲಿಯವರ ಹಳದಿ ರಬ್ಬರ್ ಅಂಟು ಹಚ್ಚಿ ಸೇರಿಸಿ, ಆಮೇಲೆ ಚುಕ್ಕೆಯ ಮೇಲೆ ಚುಚ್ಚಿ. ಗೋಣಿ ಹೊಲಿಯುವ ದಬ್ಬಳ ಬೇಡ, ಅದರ ತೂತು ದೊಡ್ಡದಾಗುತ್ತದೆ. ಹೊಲಿಗೆ ಎಷ್ಟುದ್ದವೋ ಅದರ ನಾಲ್ಕರಷ್ಟು ನೂಲು ಬೇಕು. ನಿಮ್ಮ ಒರೆಗೆ ಬದಿ, ತಳ ಸೇರಿ ಸುಮಾರು 15 ಸೆಂ.ಮೀ., ಅಂದರೆ 60, ಸೂಜಿಗೆ ಹಿಡಿತಕ್ಕೆಂದು 75 ಇರಲಿ. ಜೇನುಮೇಣದ ಗಟ್ಟಿಯ ಮೇಲೆ ನೂಲನ್ನು ಮೂರ್ನಾಲ್ಕು ಸಲ ಎಳೆಯಿರಿ. ಕೊಡಗಿನಲ್ಲಿದ್ದುಕೊಂಡು ಮೇಣಕ್ಕೆ ಪೇಟೆಗೆ ಹೋಗಬೇಕಾಗಿಲ್ಲ. ಬಾಯಿಯ ಹತ್ತಿರ ಎರಡು ಹೊಲಿಗೆ ಹಿಂದಕ್ಕೆ ಹಾಕಿ, ಜಗ್ಗಾಟವೆಲ್ಲ ಅಲ್ಲೇ. ತಳದ ಮೂಲೆಯಲ್ಲಿ 1 ಸೆಂ.ಮೀ. ಹೊಲಿಯದೆ ಬಿಡಿ. ನೀರು ಇಳಿಯಲು, ಗಾಳಿ ಆಡಲು ಅದೇ ದಾರಿ.

ಆಕಾರ ಕೊಡುವುದು ಈ ಕೆಲಸದ ಮಜಾ ಇರುವ ಭಾಗ. ಹೊಲಿದ ಒರೆಯನ್ನು ತಣ್ಣೀರಿನಲ್ಲಿ ಮುಳುಗಿಸಿ. ಅಂಚಿನಿಂದ ಸಣ್ಣ ಗುಳ್ಳೆ ಏಳುತ್ತಿರುತ್ತವೆ, ನಿಂತಾಗ ತೆಗೆಯಿರಿ. ಹತ್ತು ಹದಿನೈದು ನಿಮಿಷ ಹಾಗೇ ಬಿಟ್ಟರೆ ಮೇಲ್ಮೈ ಸ್ವಲ್ಪ ಬಿಳಿಚಿಕೊಳ್ಳುತ್ತದೆ, ಆಗ ಚರ್ಮ ಹೇಳಿದ ಮಾತು ಕೇಳುತ್ತದೆ. ಚಾಕುವಿಗೆ ಎಣ್ಣೆ ಹಚ್ಚಿ, ಪ್ಲಾಸ್ಟಿಕ್ ಹಾಳೆ ಎರಡು ಸುತ್ತು ಸುತ್ತಿ ಒಳಗೆ ತಳ್ಳಿ. ಇದನ್ನು ಮರೆಯಬೇಡಿ: ಒದ್ದೆಯಾದ ಒಗರು ಚರ್ಮಕ್ಕೆ ಕಬ್ಬಿಣ ತಾಗಿದರೆ ಶಾಯಿಯಂಥ ಕಪ್ಪು ಕಲೆ, ಅದು ಹೋಗುವುದಿಲ್ಲ. ನಂತರ ಚಮಚದ ಹಿಂಬದಿಯಿಂದ ಚಾಕುವಿನ ಸುತ್ತ ತೀಡುತ್ತ ಹೋಗಿ. ಹಿಡಿಯ ಉಬ್ಬು, ಕೊರಳಿನ ಲೋಹದ ಉಂಗುರ ಒಂದೊಂದಾಗಿ ಮೇಲೆ ಮೂಡುತ್ತವೆ. ಉಂಗುರದ ಕೆಳಗೆ ಚರ್ಮವನ್ನು ಚೆನ್ನಾಗಿ ಒತ್ತಿದರೆ ಒಣಗಿದ ಮೇಲೆ ಚಾಕುವನ್ನು ಅದೇ ಕಚ್ಚಿ ಹಿಡಿಯುತ್ತದೆ. ಒಲೆಯ ಹತ್ತಿರ, ಬಿಸಿಲಿನಲ್ಲಿ ಒಣಗಿಸಬೇಡಿ, ಸುಕ್ಕುಗಟ್ಟಿ ಬಿರಿಯುತ್ತದೆ. ಮಳೆ ಕಡಿಮೆಯಿರುವ ಕುಶಾಲನಗರದವರಿಗೆ ನೆರಳಿನಲ್ಲಿ ಒಂದು ಹಗಲು ಸಾಕಾದೀತು. ನಿಮಗೆ ಜುಲೈಯಲ್ಲಾದರೆ ಫ್ಯಾನಿನ ಕೆಳಗೆ ಮೂರು ದಿನ. ಬೇಸಗೆಯಲ್ಲೇ ಮಾಡಿಟ್ಟುಕೊಳ್ಳುವುದು ಜಾಣತನ.

ಕೊನೆಗೆ ಅಂಚನ್ನು ಉಪ್ಪುಕಾಗದದಿಂದ ಉಜ್ಜಿ, ಸ್ವಲ್ಪ ನೀರು ಸವರಿ ಗಟ್ಟಿ ಬಟ್ಟೆಯಿಂದ ತಿಕ್ಕಿ. ಹೊರಗಿನಿಂದ ಮಾತ್ರ ತೆಳುವಾಗಿ ಜೇನುಮೇಣ. ಎಣ್ಣೆಯಲ್ಲಿ ಅದ್ದಿ ತೆಗೆದರೆ ಕಷ್ಟಪಟ್ಟು ಕೊಟ್ಟ ಆಕಾರ ಮೆತ್ತಗಾಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ರಾತ್ರಿ ಚಾಕುವನ್ನು ಒರೆಯಿಂದ ಹೊರಗಿಡಿ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಜಿಲ್ಲೆ ನಮ್ಮದು. ಚರ್ಮ ಗಾಳಿಯ ತೇವವನ್ನು ಹೀರಿ ಅಲಗಿನ ಪಕ್ಕದಲ್ಲೇ ಇಟ್ಟುಕೊಳ್ಳುತ್ತದೆ. ಒರೆ ಇರುವುದು ಜೇಬಿಗೆ ರಕ್ಷಣೆಯಾಗಿ, ತುಕ್ಕಿಗೆ ಮದ್ದಾಗಿ ಅಲ್ಲ. ಅಲಗನ್ನು ಒರೆಸಿ ಒಂದು ಹನಿ ತೆಂಗಿನೆಣ್ಣೆ ಸವರಿ. ಕಿತ್ತಳೆ ಕೊಯ್ದು ಅಲಗು ಬೂದು ಬಣ್ಣಕ್ಕೆ ತಿರುಗಿದರೆ ಹೆದರಬೇಡಿ, ಕೆಂಪು ಕಂಡರೆ ಮಾತ್ರ ಉಜ್ಜಿ. ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಮಳೆಗೆ ಮರದ ಹಿಡಿ ಉಬ್ಬಿ ಅಲಗು ಬಿಗಿಯಾಗುತ್ತದೆ. ಉಗುರು ಮುರಿದುಕೊಳ್ಳಬೇಡಿ. ಉಂಗುರ ತಿರುಗಿಸಿ ಬಿಡಿಸಿ, ಹಿಡಿಯ ಹಿಂತುದಿಯನ್ನು ಕಲ್ಲಿನ ಮೇಲೆ ಕುಟ್ಟಿ, ಅಲಗಿನ ಮೊನೆ ತಾನೇ ಮೇಲೇಳುತ್ತದೆ.

ಪ್ರಶ್ನೆ: ಅಜ್ಜನ ಕಾಲದ ಪೀಚೆಕತ್ತಿಯ (ಕೊಡವರು ಸೊಂಟಕ್ಕೆ ಸಿಕ್ಕಿಸುವ ಕಠಾರಿ) ಒರೆಯ ಮರ ಸಡಿಲಾಗಿದೆ. ಚರ್ಮದ ಒರೆ ಮಾಡಿಸಬಹುದೇ?
– ಓದುಗರೊಬ್ಬರು, ಪೊನ್ನಂಪೇಟೆ

ಉತ್ತರ: ಬೇಡ. ಸೊಂಟಕ್ಕೆ ಸುತ್ತುವ ಚೇಲೆ ಬಟ್ಟೆಗೆ ಸಿಕ್ಕಿಸುವ ಕತ್ತಿಗೆ ಬೆಳ್ಳಿ ಕಟ್ಟಿದ ಗಟ್ಟಿ ಒರೆಯೇ ಒಪ್ಪುವುದು. ಬೆಳ್ಳಿ ಕೆಲಸ ಬಲ್ಲವರಿಗೆ ತೋರಿಸಿ ಮರ ಸರಿಮಾಡಿಸಿ. ಅಲ್ಲಿಯವರೆಗೆ ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಆಯುಧಗಳಿಗೆ ಪೂಜೆ ಮಾಡುವ ಕೈಲ್ ಪೊಳ್ದ್ ಹಬ್ಬ ಬರುವುದು ಸೆಪ್ಟೆಂಬರ್ ಆರಂಭದಲ್ಲಿ, ಮಳೆ ಇನ್ನೂ ಬಿಟ್ಟಿರುವುದಿಲ್ಲ. ಹಬ್ಬದ ಬೆಳಿಗ್ಗೆಯೇ ಕತ್ತಿ ಹೊರತೆಗೆದು ತುಕ್ಕು ನೋಡಿ ಗಾಬರಿಯಾಗುವ ಬದಲು ಆಗಸ್ಟ್ ಮಧ್ಯದಲ್ಲಿ ಒಮ್ಮೆ ಬಿಚ್ಚಿ ಎಣ್ಣೆ ಹಚ್ಚಿಡಿ.