ಹೈದರಾಬಾದ್ ಗೆದ್ದಿತಾ? ಮೊದಲು ಗಡಿ ಎಲ್ಲಿ ಹೇಳಿ

ಕಲಬುರಗಿಯ ಓದುಗರೊಬ್ಬರ ಪತ್ರದ ಸಾರ ಹೀಗಿದೆ: "ದಕ್ಷಿಣದಲ್ಲಿ ಬೆಂಗಳೂರಿಗೆ ಸಾಟಿಯಿಲ್ಲ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಹೈದರಾಬಾದಿನ ಪಕ್ಕದ ರಂಗಾರೆಡ್ಡಿ ಜಿಲ್ಲೆಯ ತಲಾ ಆದಾಯ 11 ಲಕ್ಷ ದಾಟಿದೆ. ನಿಮ್ಮ ಬೆಂಗಳೂರು ಅದರ ಹತ್ತಿರಕ್ಕೂ ಬರುವುದಿಲ್ಲ. ರಸ್ತೆ, ನೀರು, ಮನೆ, ಯಾವುದು ನೋಡಿದರೂ ಹೈದರಾಬಾದೇ ಮುಂದೆ. ಬೆಂಗಳೂರಿನಲ್ಲಿ ಕೂತವರಿಗೆ ಇದು ಕಾಣುವುದಿಲ್ಲ. ನನ್ನ ಮಗ ಈಗಷ್ಟೇ ಬಿ. ಫಾರ್ಮಸಿ ಮುಗಿಸಿದ್ದಾನೆ. ಅವನನ್ನು ಎಲ್ಲಿಗೆ ಕಳಿಸಲಿ, ನೀವೇ ಹೇಳಿ."

ಸ್ವಾಮಿ, ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಕಲಬುರಗಿಯಿಂದ ಹೈದರಾಬಾದಿಗೆ ಸುಮಾರು 220 ಕಿಲೋಮೀಟರ್. ಬೆಂಗಳೂರಿಗೆ 600ರ ಹತ್ತಿರ. ಆಸ್ಪತ್ರೆ, ಮದುವೆ ಜವಳಿ, ಕೆಲಸ ಎಲ್ಲಕ್ಕೂ ನಿಮ್ಮ ಕಡೆಯವರು ಪೂರ್ವದ ದಾರಿ ಹಿಡಿದು ಎಷ್ಟೋ ತಲೆಮಾರು ಆಯಿತು. 1956ರವರೆಗೆ ಆಡಳಿತ ಕೂಡ ಅಲ್ಲಿಂದಲೇ ನಡೆಯುತ್ತಿತ್ತು. ಹಾಗಾಗಿ ಬೆಂಗಳೂರೇ ಎಲ್ಲ ಎನ್ನುವ ಮಾತು ಕೇಳಿದರೆ ನಿಮಗೆ ಉರಿಯುವುದು ಸಹಜ. ಆದರೆ ರಂಗಾರೆಡ್ಡಿಯ ಅಂಕಿಯನ್ನು ನಾನು ಸುಮ್ನೆ ಒಪ್ಪಿಕೊಳ್ಳುವುದಿಲ್ಲ.

ಅಂಕಿ ಸುಳ್ಳಲ್ಲ. ತೆಲಂಗಾಣ ಸರ್ಕಾರದ ಲೆಕ್ಕದಲ್ಲೇ 2023-24ಕ್ಕೆ 11 ಲಕ್ಷದ ಮೇಲಿದೆ. ಆದರೆ ಈ ರಂಗಾರೆಡ್ಡಿ ಯಾವುದು? 2016ರ ಅಕ್ಟೋಬರಿನಲ್ಲಿ ತೆಲಂಗಾಣದ ಜಿಲ್ಲೆಗಳನ್ನು ಹೊಸದಾಗಿ ಒಡೆದರು. ಹಳೆಯ ರಂಗಾರೆಡ್ಡಿ ಮೂರು ತುಂಡಾಯಿತು: ರಂಗಾರೆಡ್ಡಿ, ಮೇಡ್ಚಲ್-ಮಲ್ಕಾಜ್‌ಗಿರಿ, ವಿಕಾರಾಬಾದ್. ಹೈಟೆಕ್ ಸಿಟಿ, ಗಚ್ಚಿಬೌಲಿ, ನಾನಕ್‌ರಾಮ್‌ಗುಡದ ಗಾಜಿನ ಕಟ್ಟಡಗಳೆಲ್ಲ ಹೊಸ ರಂಗಾರೆಡ್ಡಿಯ ಪಾಲಿಗೆ ಬಂದವು. ಆ ಕಟ್ಟಡಗಳಲ್ಲಿ ದುಡಿಯುವವರಲ್ಲಿ ಬಹಳಷ್ಟು ಜನ ರಾತ್ರಿ ಮಲಗುವುದು ಎಲ್ಲಿ? ಕೂಕಟ್‌ಪಲ್ಲಿ, ನಿಜಾಂಪೇಟೆಯಲ್ಲಿ, ಅಂದರೆ ಮೇಡ್ಚಲ್ ಜಿಲ್ಲೆಯಲ್ಲಿ. ಇಲ್ಲವೇ ಟೋಲಿಚೌಕಿ, ಮೆಹದಿಪಟ್ನಂನಲ್ಲಿ, ಅದು ಹೈದರಾಬಾದ್ ಜಿಲ್ಲೆ. ಉತ್ಪಾದನೆಯ ಲೆಕ್ಕ ಕಚೇರಿ ಇರುವ ಜಿಲ್ಲೆಗೆ ಹೋಗುತ್ತದೆ, ಜನರ ಲೆಕ್ಕ ಮನೆ ಇರುವ ಜಿಲ್ಲೆಗೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಬರುವುದೇ ಆ 11 ಲಕ್ಷ. ಹೈದರಾಬಾದ್ ಜಿಲ್ಲೆಯ ತಲಾ ಆದಾಯ ಅದರ ಅರ್ಧದ ಆಸುಪಾಸಿನಲ್ಲಿದೆ. ಅದನ್ನು ನೀವು ಪತ್ರದಲ್ಲಿ ಬರೆದಿಲ್ಲ!

ಬೆಂಗಳೂರು ನಗರ ಜಿಲ್ಲೆ ಹಾಗಲ್ಲ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ಸ್ ಸಿಟಿ, ಪೀಣ್ಯ, ಶಿವಾಜಿನಗರ, ಆನೇಕಲ್ಲಿನ ಹಳ್ಳಿಗಳು ಎಲ್ಲವೂ ಒಂದೇ ಚೀಲದಲ್ಲಿವೆ. ಅದರ ತಲಾ ಆದಾಯ 7 ಲಕ್ಷ ದಾಟಿದೆ. ಅದೂ ವಿಮಾನ ನಿಲ್ದಾಣವಿರುವ ದೇವನಹಳ್ಳಿಯನ್ನು ಬಿಟ್ಟು, ಕಾರು ಕಾರ್ಖಾನೆಯ ಬಿಡದಿಯನ್ನು ಬಿಟ್ಟು. ಹೊಸೂರಂತೂ ತಮಿಳುನಾಡಿನ ಲೆಕ್ಕಕ್ಕೇ ಹೋಗುತ್ತದೆ. ಅತ್ತಿಬೆಲೆ ಚೆಕ್‌ಪೋಸ್ಟ್ ದಾಟಿ ದಿನಾ ಓಡಾಡುವವರಿಗೆ ಅದು ಬೇರೆ ಊರು ಅನಿಸುವುದೇ ಇಲ್ಲ, ಅಲ್ವಾ?

ಹೋಲಿಸಲೇಬೇಕು ಎಂದರೆ ಸಮಕ್ಕೆ ಸಮ ಇಡೋಣ. ಹೈದರಾಬಾದ್, ರಂಗಾರೆಡ್ಡಿ, ಮೇಡ್ಚಲ್ ಮೂರೂ ಜಿಲ್ಲೆ ಸೇರಿದರೆ 2011ರ ಜನಗಣತಿಯಂತೆ ಸುಮಾರು 88 ಲಕ್ಷ ಜನ. ಬೆಂಗಳೂರು ನಗರ ಜಿಲ್ಲೆ ಒಂದರಲ್ಲೇ 96 ಲಕ್ಷ. ಇವೆರಡನ್ನು ಎದುರುಬದುರು ಇಟ್ಟರೆ ಮಾತಿಗೆ ಅರ್ಥವಿದೆ. ಆಗ ಆ 11 ಲಕ್ಷ ಎಲ್ಲೂ ಕಾಣಿಸುವುದಿಲ್ಲ.

ಗಡಿಯ ಆಟ ಬೆಂಗಳೂರಿನ ಅಭಿಮಾನಿಗಳೂ ಆಡುತ್ತಾರೆ. 2001ರಿಂದ 2011ರ ನಡುವೆ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ ಶೇ. 47ರಷ್ಟು ಏರಿತು. ಹೈದರಾಬಾದ್ ಜಿಲ್ಲೆಯದು ಶೇ. 3ರಷ್ಟು ಮಾತ್ರ. ನೋಡಿ, ಹೈದರಾಬಾದ್ ನಿಂತೇ ಹೋಗಿದೆ ಎಂದು ಇದನ್ನು ತೋರಿಸಿ ವಾದ ಮಾಡಿದವರನ್ನು ಕೇಳಿದ್ದೇನೆ. ಆ ಜಿಲ್ಲೆ ಇರುವುದೇ 217 ಚದರ ಕಿಲೋಮೀಟರ್. ಚಾರ್‌ಮಿನಾರ್ ಸುತ್ತಮುತ್ತ ಇನ್ನೆಷ್ಟು ಜನರನ್ನು ತುಂಬುತ್ತೀರಿ? ಬೆಳೆದದ್ದು ಹೊರಗೆ. ಅದೇ ಹತ್ತು ವರ್ಷದಲ್ಲಿ ಹಳೆಯ ರಂಗಾರೆಡ್ಡಿ ಜಿಲ್ಲೆ ಶೇ. 48ರಷ್ಟು ಬೆಳೆಯಿತು. ಎರಡು ಊರಿನ ಅಂಚುಗಳೂ ಒಂದೇ ವೇಗದಲ್ಲಿ ಉಬ್ಬಿದವು.

ಈ ಅಂಕಿಗಳೂ ಈಗ ಹಳೆಯವು. 2021ರ ಜನಗಣತಿ ನಡೆಯಲೇ ಇಲ್ಲ. ತಲೆ ಎಣಿಕೆ 2027ರ ಫೆಬ್ರವರಿಗೆ ಎಂದು ನಿಗದಿಯಾಗಿದೆ. ಅಲ್ಲಿಯವರೆಗೆ ಬೆಂಗಳೂರಿಗೆ 1.4 ಕೋಟಿ, ಹೈದರಾಬಾದಿಗೆ 1.1 ಕೋಟಿ ಎಂದು ಯಾರು ಹೇಳಿದರೂ ಅದು ಅಂದಾಜು. ತಲಾ ಆದಾಯಕ್ಕೂ ಇಂಥ ಅಂದಾಜಿನ ಜನಸಂಖ್ಯೆಯೇ ಆಧಾರ. ಎರಡು ರಾಜ್ಯಗಳ ಅಂದಾಜು ಎರಡು ಬಗೆ ತಪ್ಪಿರಬಹುದು.

ಗಟ್ಟಿಯಾಗಿ ಹೇಳಬಹುದಾದ್ದು ಒಂದಿದೆ. ಈ ಊರುಗಳು ಇನ್ನು ಮುಂದೆ ತೊಟ್ಟಿಲಿನಿಂದ ಬೆಳೆಯುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಒಬ್ಬ ಹೆಣ್ಣಿಗೆ ಸರಾಸರಿ ಮಕ್ಕಳು ಕರ್ನಾಟಕದಲ್ಲಿ 1.7, ತೆಲಂಗಾಣದಲ್ಲಿ 1.8. ಜನಸಂಖ್ಯೆ ಇದ್ದಷ್ಟೇ ಇರಬೇಕಾದರೂ 2.1 ಬೇಕು. ಹಾಗಾದರೆ ಊರು ಬೆಳೆಯುವುದು ಬಸ್ಸು, ರೈಲು ಇಳಿದು ಬರುವವರಿಂದ. ಇಪ್ಪತ್ತು ದಾಟಿದ, ಓದು ಮುಗಿಸಿದ, ಇಲ್ಲವೇ ಗಾರೆ ಕೆಲಸಕ್ಕೆ ಬಂದ ಜನ. ನಿಮ್ಮ ಮಗನೂ ಅವರಲ್ಲಿ ಒಬ್ಬ. ಯಾವ ಊರು ಇಂಥವರನ್ನು ಸೆಳೆದು ಇಟ್ಟುಕೊಳ್ಳುತ್ತದೋ ಅದರ ಕೈ ಮೇಲಾಗುತ್ತದೆ.

ಸೆಳೆಯುವ ವಿಚಾರದಲ್ಲಿ ಬೆಂಗಳೂರಿನ ಬೇರು ಆಳದ್ದು. 1909ರ ಟಾಟಾ ಇನ್‌ಸ್ಟಿಟ್ಯೂಟ್ (ಈಗಿನ ಐಐಎಸ್‌ಸಿ), 1940ರ ವಿಮಾನ ಕಾರ್ಖಾನೆ ಎಚ್‌ಎಎಲ್, ಆಮೇಲೆ ಐಟಿಐ, ಎಚ್‌ಎಂಟಿ, ಬಿಇಎಲ್ ಎಂಬ ಸರ್ಕಾರಿ ಕಾರ್ಖಾನೆಗಳು. 1985ರಲ್ಲಿ ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂತು. ಸಾಫ್ಟ್‌ವೇರ್ ಬರುವ ಮೊದಲೇ ಇಲ್ಲಿ ಎಂಜಿನಿಯರುಗಳ ಓಣಿಗಳೇ ಇದ್ದವು. ಇವತ್ತಿಗೂ ಸಾಫ್ಟ್‌ವೇರ್ ರಫ್ತಿನಲ್ಲಿ ಕರ್ನಾಟಕವೇ ಮೊದಲು. ವಿಮಾನ ಪ್ರಯಾಣಿಕರ ಲೆಕ್ಕ ನೋಡಿ: 2023-24ರಲ್ಲಿ ಬೆಂಗಳೂರಿನಲ್ಲಿ ಸುಮಾರು 3.75 ಕೋಟಿ, ಹೈದರಾಬಾದಿನಲ್ಲಿ 2.5 ಕೋಟಿ. ಎರಡೂ ನಿಲ್ದಾಣ ಶುರುವಾದದ್ದು 2008ರಲ್ಲೇ, ಎರಡು ತಿಂಗಳ ಅಂತರದಲ್ಲಿ. ಇದರಲ್ಲಿ ಜಿಲ್ಲೆಯ ಗಡಿ ಎಳೆದಾಡಲು ಆಗುವುದಿಲ್ಲ, ಅದಕ್ಕೇ ನನಗೆ ಈ ಅಂಕಿ ಇಷ್ಟ. ಒಂದು ಕೆಲಸ ಹೋದರೆ ಅದೇ ಊರಿನಲ್ಲಿ ಮತ್ತೊಂದು ಹುಡುಕಬಹುದು ಎನ್ನುವ ಧೈರ್ಯ ಬೆಂಗಳೂರು ಕೊಡುವಷ್ಟು ದಕ್ಷಿಣದ ಬೇರೆ ಊರು ಕೊಡುವುದಿಲ್ಲ. ಕಳೆದ ಸಂಚಿಕೆಯ ಮಾತನ್ನು ನಾನು ಈ ಅರ್ಥದಲ್ಲಿ ಈಗಲೂ ಹೇಳುತ್ತೇನೆ.

ಹೈದರಾಬಾದಿನ ಓಟವೂ ಸಣ್ಣದಲ್ಲ. ತೆಲಂಗಾಣದ ಐಟಿ ರಫ್ತು 2013-14ರಲ್ಲಿ 57 ಸಾವಿರ ಕೋಟಿ ರೂಪಾಯಿ ಇತ್ತು. 2022-23ಕ್ಕೆ 2.41 ಲಕ್ಷ ಕೋಟಿ ಆಯಿತು. ಇದರಲ್ಲಿ ಜಮೀನಿನ ಪಾತ್ರ ದೊಡ್ಡದು. ಊರಿನ ಪಶ್ಚಿಮಕ್ಕೆ ಸರ್ಕಾರದ ಕೈಯಲ್ಲೇ ದೊಡ್ಡ ದೊಡ್ಡ ಬಂಡೆ ನೆಲ ಇತ್ತು. ಮೊದಲು ಅಗಲ ರಸ್ತೆ ಹಾಕಿ, ಆಮೇಲೆ ಕಂಪನಿಗಳನ್ನು ಕರೆದರು. 2006ರಲ್ಲಿ ಕಟ್ಟಡದ ಎತ್ತರಕ್ಕಿದ್ದ ಮಿತಿಯನ್ನೂ ಬಹುಮಟ್ಟಿಗೆ ತೆಗೆದರು. 158 ಕಿಲೋಮೀಟರ್ ಹೊರವರ್ತುಲ ರಸ್ತೆ ಮುಗಿದು ವರ್ಷಗಳಾದವು. ಬೆಂಗಳೂರಿನಲ್ಲಿ ಪೆರಿಫೆರಲ್ ರಿಂಗ್ ರೋಡ್ ಎಂಬ ಹೆಸರು ಕೇಳುತ್ತಾ ಮಕ್ಕಳು ಹುಟ್ಟಿ ಕಾಲೇಜಿಗೂ ಹೋದರು! ಇಲ್ಲಿ ನೆಲವೆಲ್ಲ ಸಣ್ಣ ಸಣ್ಣ ಹಿಡುವಳಿ. ಅನುಮತಿಯಿಲ್ಲದ ರೆವಿನ್ಯೂ ಸೈಟು, ದಾಖಲೆ ಪೂರ್ತಿ ಸರಿಯಿಲ್ಲದ ಬಿ ಖಾತಾ, ಕೋರ್ಟು, ಪರಿಹಾರ. ರಸ್ತೆಗೆ ಮೊದಲೇ ಮನೆ ಎದ್ದಿರುತ್ತದೆ.

ನೀರಿನ ವಿಷಯದಲ್ಲಿ ನಿಮ್ಮ ಮಾತಿಗೆ ನನ್ನ ಪೂರ್ತಿ ಓಟು. 900 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಊರಿಗೆ ಸುಮಾರು 100 ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಪಂಪ್ ಮಾಡಿ ತರುತ್ತೇವೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕೈಯೊಡ್ಡಿದ್ದು ಗೊತ್ತೇ ಇದೆ. ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿ ಯೋಜನೆಯ ಐದನೇ ಹಂತ ಬಂದು ದಿನಕ್ಕೆ 77.5 ಕೋಟಿ ಲೀಟರ್ ಸೇರಿತು, ಸ್ವಲ್ಪ ಉಸಿರಾಡಿದೆವು. ಆದರೆ ಕೈಗೆ ಸಿಗುವ ಹೊಳೆ ಒಂದೇ, ಅದರಲ್ಲೂ ಪಾಲು ಕೇಳುವವರು ಇದ್ದಾರೆ. ಹೈದರಾಬಾದಿಗೆ ಮಂಜೀರಾ, ಕೃಷ್ಣಾ, ಗೋದಾವರಿ ಮೂರು ಕಡೆಯಿಂದ ನೀರು ಬರುತ್ತದೆ. 1908ರ ಮೂಸಿ ಪ್ರವಾಹದ ನಂತರ ಆ ಊರಿನ ಕೆರೆ, ಚರಂಡಿಗಳ ಯೋಜನೆಗೆ ನಿಜಾಮರು ಕರೆಸಿಕೊಂಡದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಬಂದದ್ದು ಹಾಗೆ.

ನಿಮ್ಮ ಪತ್ರದಲ್ಲಿ ಇಲ್ಲದ ಒಂದು ಮಾತು ನನ್ನನ್ನು ಜಾಸ್ತಿ ಕಾಡುತ್ತದೆ. ಕರ್ನಾಟಕದ ಒಟ್ಟು ಉತ್ಪನ್ನದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಬೆಂಗಳೂರು ನಗರ ಜಿಲ್ಲೆಯದು. ತೆಲಂಗಾಣದಲ್ಲಿ ಆ ಮೂರು ಜಿಲ್ಲೆಗಳ ಪಾಲು ಅರ್ಧದ ಹತ್ತಿರ. 2011ರಲ್ಲಿ ನಮ್ಮ ಎರಡನೇ ಊರು ಮೈಸೂರು 10 ಲಕ್ಷಕ್ಕೂ ಸ್ವಲ್ಪ ಕಡಿಮೆ, ಅವರ ವರಂಗಲ್ ಇನ್ನೂ ಚಿಕ್ಕದು. ಆಗ ತಮಿಳುನಾಡಿನಲ್ಲಿ ಚೆನ್ನೈ ಬಿಟ್ಟರೆ ಕೊಯಮತ್ತೂರಿನಲ್ಲೇ 21 ಲಕ್ಷ ಜನ, ಮದುರೈಯಲ್ಲಿ 14 ಲಕ್ಷ. ಅಲ್ಲಿಯ ಹುಡುಗನಿಗೆ ತನ್ನ ರಾಜ್ಯದೊಳಗೇ ನಾಲ್ಕು ದಾರಿ. ಕಲಬುರಗಿಯ ಹುಡುಗನಿಗೆ ಎರಡೇ, ಅದರಲ್ಲಿ ಒಂದು ಬೇರೆ ರಾಜ್ಯದ್ದು. ನಿಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದು ಹತ್ತು ವರ್ಷದ ಮೇಲಾದರೂ ಕಲಬುರಗಿ ಅವನಿಗೆ ಮೂರನೇ ದಾರಿಯಾಗಿಲ್ಲ. ಬೆಂಗಳೂರೋ ಹೈದರಾಬಾದೋ ಎಂದು ನಾವು ಜಗಳ ಆಡಿದಷ್ಟೂ ಈ ಪ್ರಶ್ನೆ ಹಿಂದೆ ಸರಿಯುತ್ತದೆ.

ಇನ್ನು ನಿಮ್ಮ ಮಗನ ವಿಷಯ. ಬಿ. ಫಾರ್ಮಸಿ ಅಂದಿರಿ. ಹಾಗಿದ್ದರೆ ಹೈದರಾಬಾದಿಗೇ ಕಳಿಸಿ. ಸರ್ಕಾರಿ ಔಷಧ ಕಾರ್ಖಾನೆ ಐಡಿಪಿಎಲ್‌ನಲ್ಲಿ ಕೆಲಸ ಕಲಿತ ಅಂಜಿ ರೆಡ್ಡಿಯವರು 1984ರಲ್ಲಿ ಡಾ. ರೆಡ್ಡೀಸ್ ಕಟ್ಟಿದರು. ಅದೇ ಊರಿನಲ್ಲಿ ಶಾಂತಾ ಬಯೋಟೆಕ್ನಿಕ್ಸ್, ಭಾರತ್ ಬಯೋಟೆಕ್ ಬಂದವು. ಔಷಧ ಮತ್ತು ಲಸಿಕೆಯಲ್ಲಿ ಆ ಊರಿಗಿರುವ ಕಂಪನಿಗಳ ಸಾಲು ಬೆಂಗಳೂರಿಗಿಲ್ಲ, ಬಯೋಕಾನ್ ಇದ್ದರೂ ಕೂಡ. ಮನೆ ಬಾಡಿಗೆಯೂ ಒಂದಿಷ್ಟು ಉಳಿಯುತ್ತದೆ. ಹಬ್ಬಕ್ಕೆ ಮಧ್ಯಾಹ್ನ ರೈಲು ಹತ್ತಿದರೆ ರಾತ್ರಿ ಊಟಕ್ಕೆ ಮನೆಯಲ್ಲಿರುತ್ತಾನೆ. ಅವನು ಚಿಪ್ ಡಿಸೈನೋ ವಿಮಾನದ ಬಿಡಿಭಾಗವೋ ಕಲಿತಿದ್ದರೆ ನನ್ನ ಉತ್ತರ ಬೇರೆಯಾಗಿರುತ್ತಿತ್ತು.

– ಸಂ.