ಎಸ್ಟಿಮೇಟ್‌ನಲ್ಲಿರುವ 'ವಾಲ್ ಚೇಸಿಂಗ್' ಯಾವುದು?

ಮನೆಯ ವೈರಿಂಗ್ ಎಸ್ಟಿಮೇಟ್‌ನಲ್ಲಿ 'ವಾಲ್ ಚೇಸಿಂಗ್' ಅಂತಿದೆ, ನಿಘಂಟಿನಲ್ಲಿ ಚೇಸ್ ಅಂದರೆ ಬೆನ್ನಟ್ಟುವುದು ಅಂತಿದೆ, ಏನಿದು ಅಂತ ಕೇಳಿದ್ದೀರಿ. ನಿಘಂಟಿನಲ್ಲಿ ನೀವು ನೋಡಿದ್ದು ಬೇರೆ ಚೇಸ್, ಗೊಂದಲ ಅದರಿಂದಲೇ. ಕಳ್ಳನನ್ನು ಬೆನ್ನಟ್ಟುವುದು, ಕ್ರಿಕೆಟ್‌ನಲ್ಲಿ ರನ್ ಚೇಸ್ ಮಾಡುವುದು ಒಂದು ಪದ. ಎಲೆಕ್ಟ್ರಿಷಿಯನ್ ಎಸ್ಟಿಮೇಟ್‌ನಲ್ಲಿ 'ವಾಲ್ ಚೇಸಿಂಗ್, ರನ್ನಿಂಗ್ ಫೂಟ್‌ಗೆ (ಉದ್ದದ ಪ್ರತಿ ಅಡಿಗೆ) ಇಷ್ಟು' ಅಂತ ಬರೆದಿದ್ದು ಇನ್ನೊಂದು. ವೈರ್‌ನ ಪೈಪ್ ಹುದುಗಿಸಲು ಗೋಡೆಯಲ್ಲಿ ಕೊರೆಯುವ ಉದ್ದನೆಯ ತೋಡು ಅದು. ಸ್ಪೆಲಿಂಗ್ ಒಂದೇ, ಬಂದ ದಾರಿ ಬೇರೆ: ಮೊದಲನೆಯದು ಲ್ಯಾಟಿನ್‌ನಲ್ಲಿ 'ಹಿಡಿಯುವುದು' ಎಂಬ ಅರ್ಥದ ಪದದಿಂದ, ಎರಡನೆಯದು 'ಪೆಟ್ಟಿಗೆ' ಎಂಬ ಅರ್ಥದ ಪದದಿಂದ ಬಂದಿದೆ. ಹಳೆಯ ಮುದ್ರಣಾಲಯಗಳಲ್ಲಿ ಅಚ್ಚಿನ ಮೊಳೆ ಬಿಗಿಯುತ್ತಿದ್ದ ಕಬ್ಬಿಣದ ಚೌಕಟ್ಟಿಗೂ ಚೇಸ್ ಅಂತಲೇ ಹೆಸರು.

ಸಹಿ ಹಾಕುವ ಮೊದಲು ಆ ದರದಲ್ಲಿ ಏನೇನು ಸೇರಿದೆ ಅಂತ ಕೇಳಿ. ಬರೀ ಕಟಿಂಗ್ ಮಾತ್ರವಾ, ಪೈಪ್ ಕೂರಿಸಿ ಸಿಮೆಂಟ್ ಮೆತ್ತುವುದೂ ಸೇರಿದೆಯಾ? ಜಗಳ ಆಗುವುದು ಜಾಸ್ತಿ ಇಲ್ಲೇ. ಕಸ ಸಾಗಿಸುವುದು ಯಾರು ಅಂತಲೂ ಬರೆಸಿಕೊಳ್ಳಿ.

ಆಮೇಲೆ ಗೋಡೆಯ ಮೇಲೆ ಚಾಕ್‌ನಲ್ಲಿ ಗೆರೆ ಎಳೆಸಿ, ಟೇಪ್ ಹಿಡಿದು ನೀವೇ ಅಳೆಯಿರಿ. ಗೆರೆಗಳು ಆದಷ್ಟು ಮೇಲಿಂದ ಕೆಳಕ್ಕೆ ಇರಲಿ. ಬ್ರಿಟನ್‌ನ ಕಟ್ಟಡ ನಿಯಮದ ಮಾರ್ಗದರ್ಶಿಯಲ್ಲಿ ಮೇಲಿಂದ ಕೆಳಕ್ಕಿರುವ ತೋಡಿಗೆ ಗೋಡೆಯ ದಪ್ಪದ 1/3, ಅಡ್ಡ ತೋಡಿಗೆ 1/6 ಭಾಗದಷ್ಟೇ ಆಳ. ಇಲ್ಲೂ ಅದನ್ನೇ ಅಂದಾಜಿಗೆ ಇಟ್ಟುಕೊಳ್ಳಬಹುದು. ಬೀಮ್, ಪಿಲ್ಲರ್ ಮುಟ್ಟಲು ಬಿಡಬೇಡಿ.

ನಿಮ್ಮದು ಇಟ್ಟಿಗೆ ಗೋಡೆಯೋ ಹಾಲೋ ಬ್ಲಾಕೋ (ಒಳಗೆ ಪೊಳ್ಳಿರುವ ಸಿಮೆಂಟ್ ಬ್ಲಾಕ್) ನೀವು ಹೇಳಿಲ್ಲ. ಹಾಲೋ ಬ್ಲಾಕ್ ಆದರೆ ಮೇಲಿನ ಲೆಕ್ಕ ಹಿಡಿಯಬೇಡಿ, ಎಂಜಿನಿಯರ್‌ಗೆ ಒಮ್ಮೆ ತೋರಿಸಿಯೇ ಕಟಿಂಗ್ ಶುರು ಮಾಡಿಸಿ.