ಓದುಗರ ಪ್ರಶ್ನೆ: ಒಂದೇ ರಿಸೀವರ್, ಹಲವು ವೇಗ

ಪ್ರಶ್ನೆ: ನಾನು ಹಾಸನದಲ್ಲಿ ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಅಂತಿಮ ವರ್ಷದ ವಿದ್ಯಾರ್ಥಿ. ನಮ್ಮ ಪ್ರಾಜೆಕ್ಟಿಗೆ ಸಿಕ್ಕಿರುವ ಬೋರ್ಡಿನಲ್ಲಿ ಝೈಲಿಂಕ್ಸ್ ಕಂಪನಿಯ ಆರ್ಟಿಕ್ಸ್-7 ಎಫ್‌ಪಿಜಿಎ (ಒಳಗಿನ ಲಾಜಿಕ್ ಸರ್ಕಿಟ್ಟನ್ನು ಬಳಕೆದಾರರೇ ರೂಪಿಸಿಕೊಳ್ಳಬಹುದಾದ ಚಿಪ್) ಇದೆ. ಅದರ ಸೀರಿಯಲ್ ರಿಸೀವರ್ ಸೆಕೆಂಡಿಗೆ 0.5ರಿಂದ 6.6 ಗಿಗಾಬಿಟ್‌ವರೆಗಿನ ಡೇಟಾವನ್ನು ಹಿಡಿಯುತ್ತದೆಂದು ಕೈಪಿಡಿಯಲ್ಲಿದೆ. ಒಂದೇ ಸರ್ಕಿಟ್ ಇಷ್ಟೊಂದು ವೇಗಗಳಿಗೆ ಒಗ್ಗಿಕೊಳ್ಳುವುದು ಹೇಗೆ? ಹಳೆಯ ಆಪ್ಟಿಕಲ್ ಸಾಧನವೊಂದರಿಂದ ಬರುವ 155.52 ಮೆಗಾಬಿಟ್‌ ವೇಗದ ಡೇಟಾವನ್ನು ಇದರಿಂದಲೇ ಓದಬಹುದೇ?

ಉತ್ತರ: ಓದಬಹುದು. ಆದರೆ ಹಾಗೆ ಓದಲು, ರಿಸೀವರ್ ಯಾವ ಕೆಲಸಕ್ಕೆಂದು ಹುಟ್ಟಿದೆಯೋ ಆ ಕೆಲಸವನ್ನು ಮಾಡದಂತೆ ಅದನ್ನು ತಡೆಯಬೇಕಾಗುತ್ತದೆ. ಅದು ಏಕೆಂದು ತಿಳಿಯಲು ನಿಮ್ಮ ಮೊದಲ ಪ್ರಶ್ನೆಯಿಂದಲೇ ಹೊರಡೋಣ.

ಸೀರಿಯಲ್ ತಂತಿಯಲ್ಲಿ ಡೇಟಾ ಬರುತ್ತದೆಯೇ ಹೊರತು, ಪ್ರತಿ ಬಿಟ್ಟನ್ನು ಯಾವ ಕ್ಷಣದಲ್ಲಿ ಓದಬೇಕೆಂದು ತಿಳಿಸುವ ಲಯ, ಅಂದರೆ ಅದರ ಕ್ಲಾಕ್, ಜೊತೆಗೆ ಬರುವುದಿಲ್ಲ. 0ಯಿಂದ 1ಕ್ಕೆ, 1ರಿಂದ 0ಗೆ ಬದಲಾಗುವ ಅಂಚುಗಳನ್ನು ಗಮನಿಸುತ್ತ, ಪ್ರತಿ ಬಿಟ್ಟಿನ ನಟ್ಟನಡುವೆ ಮಾದರಿ ತೆಗೆಯುವಂತೆ ತನ್ನ ಕ್ಲಾಕನ್ನು ಸರಿಹೊಂದಿಸಿಕೊಳ್ಳುತ್ತ ಹೋಗುವುದೇ ರಿಸೀವರಿನ ಮುಖ್ಯ ಕೆಲಸ. 6.6 ಗಿಗಾಬಿಟ್ ವೇಗದಲ್ಲಿ ಒಂದು ಬಿಟ್ಟಿನ ಆಯುಸ್ಸು ಸುಮಾರು 151 ಪಿಕೋಸೆಕೆಂಡ್ ಮಾತ್ರ. ಎಫ್‌ಪಿಜಿಎಯ ಸಾಮಾನ್ಯ ಲಾಜಿಕ್ ಕೆಲವು ನೂರು ಮೆಗಾಹರ್ಟ್ಸ್‌ನಲ್ಲಿ ಓಡುವಂಥದ್ದು. ಆದ್ದರಿಂದ ಈ ಭಾಗವನ್ನು ಸಿಲಿಕಾನಿನಲ್ಲಿ ಸ್ಥಿರವಾಗಿಯೇ ಕಟ್ಟಿ, 20 ಬಿಟ್‌ಗಳನ್ನು ಒಟ್ಟುಗೂಡಿಸಿ 330 ಮೆಗಾಹರ್ಟ್ಸ್‌ಗೆ ಇಳಿಸಿದ ಮೇಲಷ್ಟೇ ಲಾಜಿಕ್ಕಿನ ಕೈಗೆ ಕೊಡುತ್ತಾರೆ.

ವೇಗಗಳ ವಿಸ್ತಾರ ಬರುವುದು ಭಾಗಾಕಾರದಿಂದ. ನಿಮ್ಮ ಚಿಪ್ಪಿನಲ್ಲಿ ಕ್ಲಾಕನ್ನು ಹುಟ್ಟಿಸುವ ಆಸಿಲೇಟರ್ 1.6ರಿಂದ 3.3 ಗಿಗಾಹರ್ಟ್ಸ್‌ವರೆಗೆ ಮಾತ್ರ ಹೊಂದಿಕೊಳ್ಳುತ್ತದೆ. ಒಂದು ಆವರ್ತಕ್ಕೆ ಎರಡು ಬಿಟ್‌ನಂತೆ ಅದು 3.2ರಿಂದ 6.6 ಗಿಗಾಬಿಟ್ ಆಗುತ್ತದೆ. ಅದನ್ನು 2ರಿಂದ ಭಾಗಿಸಿದರೆ 1.6ರಿಂದ 3.3, 4ರಿಂದ ಭಾಗಿಸಿದರೆ 0.8ರಿಂದ 1.65, ಹೀಗೆ ಕೆಳಗಿನ ವೇಗಗಳೂ ದೊರೆಯುತ್ತವೆ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಮೇಲಿನ ಮಿತಿಯು ಕೆಳಗಿನ ಮಿತಿಯ ಎರಡು ಪಟ್ಟಿಗಿಂತ ತುಸು ಹೆಚ್ಚಾಗಿಯೇ ಇರುವಂತೆ ವಿನ್ಯಾಸಕಾರರು ನೋಡಿಕೊಂಡಿದ್ದಾರೆ. ಅಷ್ಟು ಇಲ್ಲದಿದ್ದರೆ ಎರಡು ಭಾಗಾಕಾರಗಳ ನಡುವೆ ಯಾವ ರೀತಿಯಲ್ಲೂ ತಲುಪಲಾಗದ ವೇಗಗಳು ಉಳಿದುಬಿಡುತ್ತಿದ್ದವು. ಆಸಿಲೇಟರಿನ ವ್ಯಾಪ್ತಿಯನ್ನು ಇನ್ನೂ ಅಗಲ ಮಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅಗಲ ಹೆಚ್ಚಿದಂತೆ ಕ್ಲಾಕಿನ ಕಂಪನವೂ, ಅಂದರೆ ಜಿಟ್ಟರ್ ಕೂಡ, ಹೆಚ್ಚುವುದು ಆಸಿಲೇಟರುಗಳ ಜಾಯಮಾನ. ನನ್ನ ಅಭಿಪ್ರಾಯದಲ್ಲಿ ಇಂಥ ರಿಸೀವರಿನ ವಿನ್ಯಾಸದ ಕಷ್ಟವೆಲ್ಲ ಇರುವುದು ಎಲ್ಲಿ ಆಯ್ಕೆ ಕೊಡಬಾರದು ಎಂಬ ತೀರ್ಮಾನದಲ್ಲಿ. ವೇಗದ ಹಾದಿಯಲ್ಲಿ ಸೇರಿಸುವ ಪ್ರತಿಯೊಂದು ಸ್ವಿಚ್ಚೂ ಒಂದಿಷ್ಟು ಕೆಪಾಸಿಟೆನ್ಸನ್ನು (ವಿದ್ಯುದಾವೇಶ ಹಿಡಿದಿಡುವ ಗುಣವನ್ನು) ತಂದು ಸಂಕೇತವನ್ನು ಮಂಕಾಗಿಸುತ್ತದೆ.

ರಿಸೀವರಿನ ಮುಂಬಾಗಿಲಲ್ಲಿದ್ದು, ದಾರಿಯಲ್ಲಿ ಕುಗ್ಗಿದ ಆವರ್ತನಗಳನ್ನು ಎತ್ತಿಕೊಡುವ ಈಕ್ವಲೈಸರಿನಲ್ಲಿ ಮಾತ್ರ ಆಯ್ಕೆ ಬೇಕೇ ಬೇಕು. ಸಕಲೇಶಪುರದ ಕಡೆ ಸುಗ್ಗಿಯ ವಾದ್ಯ ಗುಡ್ಡದಾಚೆಯಿಂದ ಕೇಳುವಾಗ ಡೋಲಿನ ದಪ್ಪ ದನಿಯಷ್ಟೇ ಬರುತ್ತದೆ, ತಾಳದ ಕಿಣಿಕಿಣಿ ದಾರಿಯಲ್ಲೇ ಕರಗುತ್ತದೆ. ಬೋರ್ಡಿನ ತಾಮ್ರದ ಗೆರೆಯೂ ಹೀಗೆಯೇ ಹೆಚ್ಚಿನ ಆವರ್ತನಗಳನ್ನು ನುಂಗುತ್ತದೆ. ಗೆರೆ ಉದ್ದವಾದಷ್ಟೂ ಆ ಆವರ್ತನಗಳನ್ನು ಹೆಚ್ಚು ಎತ್ತಿಕೊಡಬೇಕಾಗುವುದರಿಂದ ಎಷ್ಟು ಎತ್ತಬೇಕೆಂಬುದನ್ನು ಬಳಕೆದಾರರಿಗೆ ಬಿಡುತ್ತಾರೆ, ಇಲ್ಲವೇ ಸರ್ಕಿಟ್ಟೇ ತಾನಾಗಿ ಕಂಡುಕೊಳ್ಳುವಂತೆ ಮಾಡುತ್ತಾರೆ.

ಇನ್ನು ನಿಮ್ಮ 155.52 ಮೆಗಾಬಿಟ್. ಅದು 0.5 ಗಿಗಾಬಿಟ್ ಎಂಬ ಕೆಳಮಿತಿಗಿಂತ ಬಹಳ ಕೆಳಗಿರುವುದರಿಂದ, ರಿಸೀವರನ್ನು ಅದರ ಎಂಟು ಪಟ್ಟಿಗೆ, ಅಂದರೆ 1244.16 ಮೆಗಾಬಿಟ್‌ಗೆ, ನಿಲ್ಲಿಸಿರಿ. ಬಳಿಕ, ಅಂಚುಗಳ ಬೆನ್ನುಹತ್ತಿ ಕ್ಲಾಕನ್ನು ಸರಿಸುವ ಭಾಗವನ್ನು ತಡೆಹಿಡಿಯಿರಿ. ಇಲ್ಲವಾದರೆ ಅದು ಮಾದರಿ ತೆಗೆಯುವ ಕ್ಷಣವನ್ನು ಅತ್ತಿತ್ತ ಎಳೆದಾಡುತ್ತದೆ. ಹೀಗೆ ತಡೆಹಿಡಿದಾಗ ರಿಸೀವರ್ ಪ್ರತಿ ಬಿಟ್ಟಿಗೆ ಎಂಟು ಮಾದರಿಗಳನ್ನು ಕಣ್ಣುಮುಚ್ಚಿ ಒದಗಿಸುತ್ತದೆ, ಅವುಗಳಲ್ಲಿ ನಡುವಿನದನ್ನು ಆರಿಸುವ ಜವಾಬ್ದಾರಿ ನೀವು ಬರೆಯುವ ಲಾಜಿಕ್ಕಿನದು. ಈ ಮಾದರಿಗಳನ್ನು 32ರ ಗುಂಪುಗಳಾಗಿ, ಅಂದರೆ 32 ಬಿಟ್ ಅಗಲದ ಪದಗಳಾಗಿ, ಪಡೆದರೆ ಲಾಜಿಕ್ 38.88 ಮೆಗಾಹರ್ಟ್ಸ್‌ನಲ್ಲಿ ನಿರಾಳವಾಗಿ ಓಡುತ್ತದೆ.

ಇಲ್ಲಿ ಹೊಸಬರು ಎಡವುವ ಜಾಗವೊಂದಿದೆ. ಕ್ಲಾಕಿಗೆ ಲಯ ಕೊಡುವ ಸ್ಫಟಿಕಗಳಲ್ಲಿ, ಕಳುಹಿಸುವವರ ಸ್ಫಟಿಕವೂ ನಿಮ್ಮ ಸ್ಫಟಿಕವೂ ಎಂದಿಗೂ ಒಂದೇ ವೇಗದಲ್ಲಿ ನಡೆಯುವುದಿಲ್ಲ. ಅವೆರಡರ ನಡುವೆ ದಶಲಕ್ಷಕ್ಕೆ 100ರಷ್ಟು ವ್ಯತ್ಯಾಸವಿದ್ದರೆ 1,250 ಬಿಟ್‌ಗಳಿಗೊಮ್ಮೆ ಅಂಚು ಒಂದು ಮಾದರಿಯಷ್ಟು ಜರುಗುತ್ತದೆ. ಹೀಗಾಗಿ ಪ್ರತಿ ಪದದಿಂದ ಸಾಮಾನ್ಯವಾಗಿ 4 ಬಿಟ್ ಹೊರಬಂದರೂ ಆಗೊಮ್ಮೆ ಈಗೊಮ್ಮೆ 3 ಅಥವಾ 5 ಬರುತ್ತವೆ. ಸದಾ ನಾಲ್ಕೇ ಎಂದು ನಂಬಿ ಬರೆದ ಲಾಜಿಕ್ ಮೇಜಿನ ಮೇಲೆ ಕೆಲವು ಕ್ಷಣ ಸರಿಯಾಗಿ ನಡೆದು, ಕಾರಣ ತಿಳಿಯದಂತೆ ತಪ್ಪತೊಡಗುತ್ತದೆ.

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ನಾವು ಕಟ್ಟಿದ 1.25 ಗಿಗಾಬಿಟ್ ಸಂಪರ್ಕದಲ್ಲಿ ಐದು ನಿಮಿಷ ಒಂದೂ ದೋಷ ಕಾಣಲಿಲ್ಲ. ಲಕ್ಷ ಕೋಟಿ ಬಿಟ್‌ಗೆ ಒಂದಕ್ಕಿಂತ ಹೆಚ್ಚು ದೋಷವಿಲ್ಲವೆಂದು ವರದಿಯಲ್ಲಿ ಬರೆಯಬಹುದೇ?

ಉತ್ತರ: ಬರೆಯಲಾಗದು. ಶೇಕಡಾ 95ರ ಭರವಸೆಯೊಂದಿಗೆ ಹಾಗೆ ಹೇಳಬೇಕಾದರೆ ಸುಮಾರು ಮೂರು ಲಕ್ಷ ಕೋಟಿ ಬಿಟ್‌ಗಳು ದೋಷವಿಲ್ಲದೆ ದಾಟಬೇಕು. ನಿಮ್ಮ ವೇಗದಲ್ಲಿ ಅದಕ್ಕೆ 40 ನಿಮಿಷ ಬೇಕಾಗುತ್ತದೆ.